ಕ್ಯಾನ್ಸರ್ ಚಿಕಿತ್ಸೆಯ ನಂತರದ ಬದುಕು: ಸಮದುಃಖಿಗಳ ನೆರವು

ಕ್ಯಾನ್ಸರ್ ಎಂಬ ಹೆಸರನ್ನು ಕೇಳಿದೊಡನೆಯೇ ಎದೆ ನಡುಗುವುದು ಸಹಜ. ಆದರೆ ಈ ರೋಗಕ್ಕೆ ತುತ್ತಾದವರೆಲ್ಲರೂ ಸಾವಿಗೆ ಶರಣಾಗಬೇಕಾದ ಕಾಲವು ಇಂದಿಲ್ಲ. ರೋಗವು ಮೊದಲ ಹಂತದಲ್ಲಿಯೇ ಪತ್ತೆಯಾಗಿ, ಚಿಕಿತ್ಸೆಯು ಪೂರ್ಣವಾಗಿ ದೊರೆತಲ್ಲಿ, ಅನೇಕ ಬಗೆಯ ಕ್ಯಾನ್ಸರ್‌ಗಳು ಗುಣವಾಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 14.6 ಲಕ್ಷ ಮಂದಿಯಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು. ಇವರಲ್ಲಿ ಬದುಕುಳಿದು ಮನೆಗೆ ಮರಳುವವರ ಸಂಖ್ಯೆಯೂ ದೊಡ್ಡದೇ. ರೋಗವನ್ನು ಕುರಿತು ಹೇಳುವ ಪುಸ್ತಕಗಳು ಹಲವಾರು ಇವೆ; ರೋಗ ಕಳೆದ ಮೇಲೆ ಬಾಳುವ ಬಗೆಯನ್ನು ಕುರಿತು ಹೇಳುವವು ಕಡಮೆ. ಈ ಲೇಖನವು ಆ ಎರಡನೆಯ ವಿಷಯಕ್ಕೆ ಸಂಬಂಧಿಸಿದುದು.

“ಚಿಕಿತ್ಸೆ ಮುಗಿಯಿತು, ಇನ್ನು ಆರು ತಿಂಗಳು ಬಿಟ್ಟು ಬನ್ನಿ” ಎಂದು ವೈದ್ಯರು ಹೇಳಿದ ದಿನ ಮನೆಯವರಿಗೆಲ್ಲ ಸಂತೋಷದ ದಿನ. ಆದರೆ ರೋಗಿಯ ಪಾಲಿಗೆ ಹೊಸದೊಂದು ಕಷ್ಟ ಆರಂಭವಾಗುವುದೂ ಅನೇಕ ವೇಳೆ ಅಂದೇ. ಅದುವರೆಗೆ ಪ್ರತಿವಾರ ಕಾಣುತ್ತಿದ್ದ ವೈದ್ಯರು, ದಾದಿಯರು, ಪಕ್ಕದ ಹಾಸಿಗೆಯ ಜೊತೆಗಾರರು ಒಮ್ಮೆಲೇ ದೂರವಾಗುತ್ತಾರೆ. ಕೈ ಊದಿಕೊಳ್ಳುತ್ತದೆ, ಬಾಯಿ ತೆರೆಯದು, ದಣಿವು ಬಿಡದು, ನಿದ್ರೆ ಬಾರದು. “ರೋಗ ವಾಸಿಯಾಯಿತಲ್ಲ, ಇನ್ನೇಕೆ ಚಿಂತೆ?” ಎಂದು ಬಂಧುಗಳು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳಲಾರದೆ ಮೌನವಾಗಿ ಕುಳಿತಿರುವವರ ಬಳಿಗೆ, ಅದೇ ದಾರಿಯಲ್ಲಿ ಮುಂದೆ ನಡೆದುಹೋದ ಮತ್ತೊಬ್ಬರು ಬಂದು “ನನಗೂ ಹೀಗೆಯೇ ಆಗಿತ್ತು” ಎಂದು ಹೇಳಿದರೆ, ಆ ಒಂದು ಮಾತಿನ ಬೆಲೆ ಬಹಳ. ಇದನ್ನೇ ಸಮದುಃಖಿಗಳ ನೆರವು ಎಂದು ಇಲ್ಲಿ ಕರೆಯಲಾಗಿದೆ.

ಚಿಕಿತ್ಸೆಯು ಉಳಿಸಿಹೋಗುವ ತೊಂದರೆಗಳು

ಕ್ಯಾನ್ಸರಿಗೆ ಮುಖ್ಯವಾಗಿ ಮೂರು ವಿಧದ ಚಿಕಿತ್ಸೆಗಳಿವೆ: ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಕೀಮೋಥೆರಪಿ ಎಂದು ಕರೆಯಲಾಗುವ ಔಷಧ ಚಿಕಿತ್ಸೆ. ಕೆಡಕು ಜೀವಕೋಶಗಳನ್ನು ನಾಶಮಾಡುವಾಗ ಇವು ಸುತ್ತಲಿನ ಆರೋಗ್ಯವಂತ ಭಾಗಗಳಿಗೂ ಅಷ್ಟಿಷ್ಟು ಹಾನಿ ಮಾಡದಿರಲಾರವು. ಕೂದಲು ಉದುರುವುದು, ವಾಂತಿ ಮೊದಲಾದವು ಕೆಲಕಾಲದಲ್ಲಿ ಸರಿಹೋಗುತ್ತವೆ. ಇನ್ನು ಕೆಲವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತವೆ. ಮತ್ತೆ ಕೆಲವು, ಚಿಕಿತ್ಸೆ ಮುಗಿದು ಅನೇಕ ವರ್ಷಗಳಾದ ಮೇಲೆ ತಲೆದೋರುತ್ತವೆ.

ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದುಹಾಕಿದಾಗ, ಆ ಬದಿಯ ತೋಳಿನಿಂದ ದ್ರವವು ಸರಾಗವಾಗಿ ಹರಿದುಹೋಗದೆ ತೋಳು ಊದಿಕೊಳ್ಳಬಹುದು. ಹೀಗೆ ಗ್ರಂಥಿಗಳನ್ನು ಪೂರ್ಣವಾಗಿ ತೆಗೆಸಿಕೊಂಡ ಸುಮಾರು ಐವರಲ್ಲಿ ಒಬ್ಬರಿಗೆ ಈ ತೊಂದರೆ ಬರುತ್ತದೆ. ಬಾಯಿ ಹಾಗೂ ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಜೊಲ್ಲು ಒಸರುವುದು ಕಡಮೆಯಾಗಿ ಬಾಯಿ ಒಣಗುತ್ತದೆ. ದವಡೆಯ ಸ್ನಾಯುಗಳು ಬಿಗಿದು ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಕೆಲವು ಔಷಧಗಳು ಕೈಕಾಲುಗಳ ನರಗಳಿಗೆ ಹಾನಿಯುಂಟುಮಾಡುವುದರಿಂದ ಬೆರಳುಗಳಲ್ಲಿ ಜೋಮು, ಉರಿ ಉಂಟಾಗಿ ಗುಂಡಿ ಹಾಕಿಕೊಳ್ಳುವುದು, ಸೂಜಿಗೆ ದಾರ ಪೋಣಿಸುವುದು ಕೂಡ ಕಷ್ಟವಾಗುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ವಿಕಿರಣ ಪಡೆದ ಸ್ತ್ರೀಯರಲ್ಲಿ ಅಕಾಲದಲ್ಲಿ ಮುಟ್ಟು ನಿಲ್ಲುವುದು, ಮೂತ್ರ ಮತ್ತು ಮಲವಿಸರ್ಜನೆಯ ತೊಂದರೆಗಳು, ದಾಂಪತ್ಯದಲ್ಲಿ ನೋವು ಇವು ಕಾಣಿಸಿಕೊಳ್ಳಬಹುದು. ಕೆಲವು ಔಷಧಗಳು ಹೃದಯವನ್ನು ದುರ್ಬಲಗೊಳಿಸಬಲ್ಲವು.

ಇವೆಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಂಡುಬರುವುದು ದಣಿವು. ಇದು ಒಂದು ರಾತ್ರಿಯ ನಿದ್ರೆಯಿಂದ ಪರಿಹಾರವಾಗುವ ದಣಿವಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ ಮೊದಲಾದ ಕಾರಣಗಳಿವೆಯೇ ಎಂದು ವೈದ್ಯರು ಪರೀಕ್ಷಿಸಬೇಕು. ಅಂಥ ಕಾರಣವಾವುದೂ ಇಲ್ಲದಿದ್ದಲ್ಲಿ, ಹಾಸಿಗೆ ಹಿಡಿದು ಮಲಗುವುದಕ್ಕಿಂತ ದಿನವೂ ಸ್ವಲ್ಪ ಸ್ವಲ್ಪವಾಗಿ ನಡೆಯುವುದೇ ಮೇಲೆಂದು ಅಧ್ಯಯನಗಳು ತೋರಿಸಿವೆ. ಇನ್ನು ಮನಸ್ಸಿನ ವಿಚಾರ: ರೋಗ ಮರಳಿ ಬಂದೀತೆಂಬ ಭಯ ಬಹುತೇಕ ಎಲ್ಲರಲ್ಲಿಯೂ ಇರುತ್ತದೆ. ಸಣ್ಣ ತಲೆನೋವು ಬಂದರೂ ಎದೆ ಹಾರುತ್ತದೆ. ಮರುಪರೀಕ್ಷೆಯ ದಿನ ಹತ್ತಿರ ಬಂದಂತೆ ಊಟ ಸೇರದು.

ಈ ಪದ್ಧತಿ ಬೆಳೆದು ಬಂದ ಬಗೆ

ನೊಂದವರು ನೊಂದವರಿಗೆ ಆಸರೆಯಾಗುವುದು ಮಾನವಕುಲದಷ್ಟೇ ಹಳೆಯದು. ಆದರೆ ಅದನ್ನು ಆಸ್ಪತ್ರೆಯ ವ್ಯವಸ್ಥೆಯೊಡನೆ ಜೋಡಿಸಿದುದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಟೆರೀಸ್ ಲ್ಯಾಸರ್ ಎಂಬ ಮಹಿಳೆ 1952ರಲ್ಲಿ ಸ್ತನದ ಶಸ್ತ್ರಚಿಕಿತ್ಸೆಗೆ ಒಳಗಾದರು. ತೋಳನ್ನು ಮತ್ತೆ ಆಡಿಸುವ ಬಗೆ ಯಾವುದು, ಯಾವ ಉಡುಪು ಧರಿಸಬೇಕು, ಗಂಡನೊಡನೆ, ಮಕ್ಕಳೊಡನೆ ಏನು ಹೇಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ಅವರಿಗೆ ಯಾರೂ ದೊರೆಯಲಿಲ್ಲ. ತಾವು ಚೇತರಿಸಿಕೊಂಡ ಬಳಿಕ ಅವರು ಅದೇ ಸ್ಥಿತಿಯಲ್ಲಿದ್ದ ಇತರ ಮಹಿಳೆಯರನ್ನು ಆಸ್ಪತ್ರೆಯಲ್ಲಿ ಭೇಟಿ ಮಾಡತೊಡಗಿದರು. ವೈದ್ಯಳಲ್ಲದ ಮಹಿಳೆಯೊಬ್ಬಳು ರೋಗಿಗಳ ಬಳಿಗೆ ಹೋಗುವುದನ್ನು ಕೆಲವು ಶಸ್ತ್ರವೈದ್ಯರು ಮೊದಮೊದಲು ಒಪ್ಪಲಿಲ್ಲ. ಆದರೂ ‘ರೀಚ್ ಟು ರಿಕವರಿ’ ಎಂಬ ಹೆಸರಿನ ಈ ಕಾರ್ಯ ನಿಲ್ಲಲಿಲ್ಲ. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿಯು ಇದನ್ನು ತನ್ನದಾಗಿ ಸ್ವೀಕರಿಸಿತು. ಮುಂದೆ ಇದು ಅನೇಕ ದೇಶಗಳಿಗೆ ಹಬ್ಬಿತು. ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರ ಅಂತರರಾಷ್ಟ್ರೀಯ ಸಂಘವೂ 1952ರಲ್ಲಿಯೇ ಸ್ಥಾಪನೆಯಾಯಿತು.

ನಮ್ಮ ದೇಶದಲ್ಲಿ ಈ ಕ್ಷೇತ್ರಕ್ಕೆ ತಳಹದಿ ಹಾಕಿದುದು ಕ್ಯಾನ್ಸರ್ ಆಸ್ಪತ್ರೆಗಳು ಹಾಗೂ ಸ್ವಯಂಸೇವಾ ಸಂಸ್ಥೆಗಳು. ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು 1941ರಲ್ಲಿಯೂ, ಚೆನ್ನೈಯ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದ ಫಲವಾಗಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1954ರಲ್ಲಿಯೂ, ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಲ್ಲಿಯೂ ಆರಂಭವಾದವು. 1951ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿ, 1969ರಲ್ಲಿ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಇವು ಮುಂಬಯಿಯಲ್ಲಿ ಜನ್ಮತಾಳಿದವು. ಸ್ವತಃ ಕ್ಯಾನ್ಸರಿನಿಂದ ಗುಣಮುಖರಾದ ವಂದನಾ ಗುಪ್ತಾ ಅವರು 1994ರಲ್ಲಿ ಅದೇ ನಗರದಲ್ಲಿ ‘ವೀ ಕೇರ್’ ಸಂಸ್ಥೆಯನ್ನು ಸ್ಥಾಪಿಸಿದರು. ಬಾಲ್ಯದಲ್ಲಿ ಕ್ಯಾನ್ಸರಿಗೆ ತುತ್ತಾಗಿ ಬದುಕುಳಿದ ಯುವಜನರ ‘ಉಗಮ್’ ಎಂಬ ಬಳಗವು ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 2009ರಲ್ಲಿ ರೂಪುಗೊಂಡಿತು.

ಸಮದುಃಖಿಯಿಂದ ದೊರೆಯುವುದೇನು?

ಚಿಕಿತ್ಸೆ ನೀಡುವುದು ವೈದ್ಯರ ಕೆಲಸ. ಆದರೆ ದಿನನಿತ್ಯದ ಬದುಕಿನ ಸಣ್ಣಪುಟ್ಟ ಸಂಗತಿಗಳು ವೈದ್ಯರ ಗಮನಕ್ಕೆ ಬಾರದಿರಬಹುದು. ಬಂದರೂ ಅವುಗಳನ್ನು ವಿವರಿಸಲು ಅವರಿಗೆ ಸಮಯವಿರದು. ಅವುಗಳನ್ನು ಅನುಭವಿಸಿ ಕಲಿತವರೇ ಹೇಳಬೇಕು. ಇದಕ್ಕೆ ಕೆಲವು ಉದಾಹರಣೆಗಳನ್ನು ನೋಡೋಣ.

ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರು ಕೊರಳಿನ ಮುಂಭಾಗದಲ್ಲಿ ಮಾಡಿದ ರಂಧ್ರದ ಮೂಲಕ ಉಸಿರಾಡುತ್ತಾರೆ. ಶಸ್ತ್ರಚಿಕಿತ್ಸೆಯಾದ ಬಳಿಕ ಕಣ್ತೆರೆದಾಗ ಬಾಯಿಂದ ಮಾತು ಹೊರಡದು. ಮತ್ತೆ ಮಾತನಾಡಲು ಮೂರು ಮಾರ್ಗಗಳಿವೆ. ಅನ್ನನಾಳಕ್ಕೆ ಗಾಳಿಯನ್ನು ಸೆಳೆದುಕೊಂಡು ಅದನ್ನು ಹೊರಬಿಡುವಾಗ ಮಾತನಾಡುವುದು ಒಂದು. ಕೊರಳಿಗೆ ಒತ್ತಿಹಿಡಿಯುವ, ಬ್ಯಾಟರಿಯಿಂದ ನಡೆಯುವ ಉಪಕರಣವನ್ನು ಬಳಸುವುದು ಎರಡನೆಯದು. ಶ್ವಾಸನಾಳ ಮತ್ತು ಅನ್ನನಾಳಗಳ ನಡುವೆ ಸಣ್ಣ ಕವಾಟವೊಂದನ್ನು ಅಳವಡಿಸಿಕೊಳ್ಳುವುದು ಮೂರನೆಯದು. ಹೊರದೇಶಗಳಿಂದ ಬರುವ ಕವಾಟಗಳು ಬಹು ದುಬಾರಿ. ಅವುಗಳನ್ನು ಆಗಾಗ ಬದಲಿಸಬೇಕು. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಅತಿ ಕಡಮೆ ಬೆಲೆಯ ‘ಓಂ’ ಎಂಬ ಕವಾಟವನ್ನು ರೂಪಿಸಿದುದು ಈ ಕಾರಣದಿಂದಲೇ. ಈ ಮೂರರಲ್ಲಿ ಯಾವುದು ಯಾರಿಗೆ ಸೂಕ್ತವೆಂಬುದನ್ನು ವೈದ್ಯರು ಹಾಗೂ ವಾಕ್ ಚಿಕಿತ್ಸಕರು ನಿರ್ಧರಿಸುತ್ತಾರೆ. ಆದರೆ ಇದೇ ಶಸ್ತ್ರಚಿಕಿತ್ಸೆಯಾದ ಒಬ್ಬರು ಹಾಸಿಗೆಯ ಪಕ್ಕದಲ್ಲಿ ನಿಂತು, ಒರಟಾದರೂ ಸ್ಪಷ್ಟವಾದ ಧ್ವನಿಯಲ್ಲಿ “ನಮಸ್ಕಾರ, ಹೇಗಿದ್ದೀರಿ?” ಎಂದು ಕೇಳಿದಾಗ ಉಂಟಾಗುವ ಧೈರ್ಯವನ್ನು ಬೇರಾರೂ ಕೊಡಲಾರರು.

ಅವರು ಇನ್ನೂ ಅನೇಕ ಉಪಯುಕ್ತ ಸಂಗತಿಗಳನ್ನು ಹೇಳಬಲ್ಲರು. ಸ್ನಾನ ಮಾಡುವಾಗ ತಂಬಿಗೆಯ ನೀರು ಕೊರಳಿನ ರಂಧ್ರಕ್ಕೆ ಹೋಗದಂತೆ ಕಾಪಾಡಿಕೊಳ್ಳಬೇಕು. ಕೆರೆ, ಹೊಳೆಗಳಲ್ಲಿ ಈಜುವಂತಿಲ್ಲ. ಬಿಸಿ ಚಹಾವನ್ನು ಬಾಯಿಂದ ಊದಿ ಆರಿಸಲಾಗದು. ಅದು ಆರುವವರೆಗೆ ಕಾಯಬೇಕು. ಮೂಗಿನ ಮೂಲಕ ಗಾಳಿ ಹೋಗದಿರುವುದರಿಂದ ವಾಸನೆ ತಿಳಿಯುವುದು ಕಡಮೆಯಾಗುತ್ತದೆ. ಆದುದರಿಂದ ಅಡುಗೆ ಅನಿಲ ಸೋರಿದರೂ, ಹಾಲು ಕೆಟ್ಟರೂ ತಿಳಿಯದಿರಬಹುದು. ಧೂಳು ಒಳಹೋಗದಂತೆ ರಂಧ್ರದ ಮೇಲೆ ತೆಳುವಾದ ಹತ್ತಿಬಟ್ಟೆಯನ್ನು ಕಟ್ಟಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಪಘಾತದಲ್ಲಿ ಎಚ್ಚರ ತಪ್ಪಿದರೆ ಪ್ರಾಣವಾಯುವನ್ನು ಕೊರಳಿನ ರಂಧ್ರಕ್ಕೆ ಕೊಡಬೇಕೇ ಹೊರತು ಮೂಗು ಬಾಯಿಗಳಿಗಲ್ಲ. ಇದನ್ನು ಸ್ಥಳೀಯ ಭಾಷೆಯಲ್ಲಿ ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಬೇಕು. ಈ ಚೀಟಿಯು ಪ್ರಾಣವನ್ನು ಉಳಿಸಬಲ್ಲದು.

ದೊಡ್ಡ ಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಳಿಕ ಕೆಲವರ ಹೊಟ್ಟೆಯ ಮೇಲೆ ಮಲವಿಸರ್ಜನೆಗಾಗಿ ದ್ವಾರವನ್ನು ಮಾಡಿ ಚೀಲವನ್ನು ಅಂಟಿಸಲಾಗುತ್ತದೆ. ದ್ವಾರದ ಅಳತೆಗೆ ಸರಿಯಾಗಿ ಚೀಲದ ರಂಧ್ರವನ್ನು ಕತ್ತರಿಸಬೇಕು. ದೊಡ್ಡದಾದರೆ ಮಲ ತಾಗಿ ಚರ್ಮ ಕೆಡುತ್ತದೆ. ಚೀಲ ಮೂರನೆಯ ಒಂದು ಭಾಗದಷ್ಟು ತುಂಬಿದಾಗಲೇ ಖಾಲಿ ಮಾಡುವುದು ಒಳ್ಳೆಯದು. ಬೆಳಿಗ್ಗೆ ಆಹಾರ ಸೇವಿಸುವ ಮೊದಲು ಚೀಲ ಬದಲಿಸುವುದು ಸುಲಭ. ಇವನ್ನು ದಾದಿಯರು ಕಲಿಸುತ್ತಾರೆ. ಆದರೆ ರೋಗಿಯ ಮನಸ್ಸಿನಲ್ಲಿರುವ ಪ್ರಶ್ನೆಗಳು ಬೇರೆ: ಪಂಚೆಯನ್ನು ಎಲ್ಲಿ ಕಟ್ಟಬೇಕು? ರೈಲಿನಲ್ಲಿ ಒಂದು ರಾತ್ರಿ ಪ್ರಯಾಣ ಮಾಡಬಹುದೇ? ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ ಪಕ್ಕದವರಿಗೆ ವಾಸನೆ ಬಂದೀತೇ? ದೇವರ ಮನೆಗೆ ಹೋಗಬಹುದೇ? ಕೊನೆಯ ಪ್ರಶ್ನೆಯನ್ನು ಶಸ್ತ್ರವೈದ್ಯರಲ್ಲಿ ಕೇಳುವವರು ವಿರಳ. ಆದರೆ ಅದು ಪೀಡಿಸುವಷ್ಟು ಬೇರಾವುದೂ ಪೀಡಿಸದು. ಹತ್ತು ವರ್ಷಗಳಿಂದ ಚೀಲ ಧರಿಸಿ, ದಿನವೂ ಪೂಜೆ ಮಾಡಿ, ಕೆಲಸಕ್ಕೂ ಹೋಗಿಬರುವ ಒಬ್ಬರ ಬದುಕೇ ಇದಕ್ಕೆ ಉತ್ತರ.

ತೋಳು ಊದಿಕೊಳ್ಳುವ ತೊಂದರೆಯಲ್ಲಿ ಮೊದಲ ಸೂಚನೆಗಳನ್ನು ಗುರುತಿಸುವುದು ಮುಖ್ಯ. ಕುಪ್ಪಸದ ತೋಳು ಒಂದು ಬದಿಯಲ್ಲಿ ಬಿಗಿಯಾಗುವುದು, ದಿನವೂ ಸರಾಗವಾಗಿ ಏರುತ್ತಿದ್ದ ಬಳೆ ಏರದಿರುವುದು, ತೋಳು ಭಾರವೆನಿಸುವುದು ಇವನ್ನು ಹೆಂಗಸರು ಪರಸ್ಪರ ಹೇಳಿಕೊಂಡರೆ ಬೇಗ ತಿಳಿಯುತ್ತದೆ. ತೋಳಿನ ಅಳತೆ ತೆಗೆದು ಹೊಲಿಸಿದ ಒತ್ತುಪಟ್ಟಿಯ ತೋಳುಚೀಲ, ಕ್ರಮಬದ್ಧ ವ್ಯಾಯಾಮ, ಚರ್ಮದ ಶುಚಿತ್ವ, ಗಾಯವಾಗದಂತೆ ಎಚ್ಚರಿಕೆ ಇವು ಚಿಕಿತ್ಸೆಯ ಅಂಗಗಳು. ಚಿಕಿತ್ಸೆ ಬೇಗ ಆರಂಭವಾದಷ್ಟೂ ಊತವನ್ನು ಹತೋಟಿಯಲ್ಲಿಡುವುದು ಸುಲಭ.

ಬಾಯಿಯ ಕ್ಯಾನ್ಸರ್ ನಮ್ಮ ದೇಶದ ಗಂಡಸರಲ್ಲಿ ಬಹಳವಾಗಿ ಕಂಡುಬರುವ ಕ್ಯಾನ್ಸರ್‌ಗಳಲ್ಲೊಂದು. ತಂಬಾಕು, ಗುಟ್ಕಾ, ಅಡಿಕೆಗಳ ಸೇವನೆ ಇದಕ್ಕೆ ಮುಖ್ಯ ಕಾರಣ. ಚಿಕಿತ್ಸೆಯಾದವರು ಬಾಯಿ ತೆರೆಯುವ ವ್ಯಾಯಾಮವನ್ನು ಬಿಡದೆ ಮಾಡಬೇಕು. ಮುಂದಿನ ಹಲ್ಲುಗಳ ನಡುವಿನ ತೆರವು 35 ಮಿಲಿಮೀಟರಿಗಿಂತ ಕಡಮೆಯಾದರೆ ಅದನ್ನು ತೊಂದರೆಯೆಂದು ಪರಿಗಣಿಸಲಾಗುತ್ತದೆ. ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಬಾಯಿಯಲ್ಲಿಟ್ಟು ನೋಡಿಕೊಳ್ಳುವುದು ಸುಲಭವಾದ ಪರೀಕ್ಷೆ. ನೋವಾಗುವ ಈ ವ್ಯಾಯಾಮವನ್ನು ಒಬ್ಬರೇ ಮಾಡುವಾಗ ಬೇಸರ ಬಂದು ಬಿಟ್ಟುಬಿಡುವವರೇ ಹೆಚ್ಚು. ನಾಲ್ವರು ಕೂಡಿ ಮಾಡುವಾಗ, “ಈ ವಾರ ನನಗೆ ಒಂದು ಕಡ್ಡಿ ಹೆಚ್ಚಾಗಿ ಹಿಡಿಯಿತು” ಎಂದು ಒಬ್ಬರು ಹೇಳಿದರೆ ಉಳಿದವರಿಗೂ ಹುರುಪು ಬರುತ್ತದೆ. ಮತ್ತೊಂದು ಎಚ್ಚರಿಕೆಯನ್ನು ಎಲ್ಲರೂ ನೆನಪಿಡಬೇಕು: ದವಡೆಗೆ ವಿಕಿರಣ ಪಡೆದವರು, ಎಷ್ಟು ವರ್ಷಗಳಾಗಿದ್ದರೂ, ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಲ್ಲು ಕೀಳಿಸಬಾರದು. ಗಾಯ ಮಾಯದೆ ದವಡೆಯ ಮೂಳೆಯೇ ಕೊಳೆಯುವ ಅಪಾಯವಿದೆ. ಮತ್ತೆ ತಂಬಾಕಿನ ಕಡೆಗೆ ಕೈ ಚಾಚದಂತೆ ತಡೆಯುವುದರಲ್ಲಿಯೂ ಜೊತೆಗಾರರ ಪಾತ್ರ ದೊಡ್ಡದು.

ಹೇಳಿಕೊಳ್ಳಲಾಗದ ನೋವುಗಳು

ಕ್ಯಾನ್ಸರ್ ಅಂಟುರೋಗವಲ್ಲ. ಆದರೂ ಚಿಕಿತ್ಸೆಯಾದವರ ಲೋಟ ತಟ್ಟೆಗಳನ್ನು ಬೇರೆ ಇಡುವ ಮನೆಗಳು ಇಂದಿಗೂ ಇವೆ. ತಾಯಿಗೆ ಕ್ಯಾನ್ಸರ್ ಬಂದಿತ್ತೆಂದು ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವವರಿದ್ದಾರೆ. ಇದು ಪೂರ್ವಜನ್ಮದ ಪಾಪದ ಫಲವೆಂದು ಹೇಳುವವರೂ ಇದ್ದಾರೆ. ಇಂಥ ಮಾತುಗಳನ್ನು ಕೇಳಿ ಕೇಳಿ ರೋಗಿಯು ಬಾಯಿಮುಚ್ಚಿಕೊಳ್ಳುತ್ತಾನೆ. ಸ್ತನವನ್ನು ಕಳೆದುಕೊಂಡ ಸ್ತ್ರೀ ಕನ್ನಡಿಯ ಮುಂದೆ ನಿಲ್ಲಲು ಹಿಂಜರಿಯುತ್ತಾಳೆ. ಗಂಡನೊಡನೆಯೂ ಆ ಮಾತನ್ನೆತ್ತಲಾರಳು. ದಾಂಪತ್ಯಕ್ಕೆ ಸಂಬಂಧಿಸಿದ ನೋವನ್ನು ವೈದ್ಯರೆದುರು, ಅದರಲ್ಲಿಯೂ ಪುರುಷ ವೈದ್ಯರೆದುರು, ಹೇಳಲು ನಾಚುತ್ತಾಳೆ. ವಾಸ್ತವದಲ್ಲಿ ಇವುಗಳಲ್ಲಿ ಅನೇಕಕ್ಕೆ ಪರಿಹಾರಗಳಿವೆ. ಆದರೆ ಹೇಳದೆ ಪರಿಹಾರ ದೊರೆಯದು. ಹೆಂಗಸರಷ್ಟೇ ಇರುವ ಸಣ್ಣ ಗುಂಪಿನಲ್ಲಿ ಒಬ್ಬರು ಧೈರ್ಯಮಾಡಿ ಬಾಯಿಬಿಟ್ಟರೆ, “ನನಗೂ ಹಾಗೆಯೇ” ಎಂಬ ಮಾತು ಸುತ್ತಲಿಂದ ಕೇಳಿಬರುತ್ತದೆ. ಆಮೇಲೆ ವೈದ್ಯರಲ್ಲಿ ಹೇಳುವುದು ಅಷ್ಟು ಕಷ್ಟವಾಗದು.

ನೆರವಿನ ಮಿತಿಗಳು

ಸಮದುಃಖಿಗಳ ನೆರವಿನಿಂದ ಆಯುಷ್ಯ ಹೆಚ್ಚುವುದೇ ಎಂಬ ಪ್ರಶ್ನೆ ಬಹುಕಾಲ ಚರ್ಚೆಯಲ್ಲಿತ್ತು. ಅಮೆರಿಕದ ವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರೋಗ ಹರಡಿದ್ದ ಸ್ತನ ಕ್ಯಾನ್ಸರಿನ 86 ಮಹಿಳೆಯರ ಪೈಕಿ, ತಜ್ಞರ ಮಾರ್ಗದರ್ಶನದಲ್ಲಿ ವಾರಕ್ಕೊಮ್ಮೆ ಗುಂಪುಗೂಡಿ ಮಾತನಾಡಿದವರು ಹೆಚ್ಚು ಕಾಲ ಬದುಕಿದರೆಂದು ಕಂಡುಬಂದಿತು. ಇದು ಎಲ್ಲೆಡೆ ಆಸೆ ಹುಟ್ಟಿಸಿತು. ಆದರೆ 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಾಗಲಿ, ಸ್ಪೀಗೆಲ್ ಅವರೇ 2007ರಲ್ಲಿ ಪ್ರಕಟಿಸಿದ ಮರು ಅಧ್ಯಯನದಲ್ಲಾಗಲಿ ಆಯುಷ್ಯ ಹೆಚ್ಚಿದುದು ಕಂಡುಬರಲಿಲ್ಲ. ಕೆನಡಾದ ಅಧ್ಯಯನದಲ್ಲಿ ಕಂಡುಬಂದುದೆಂದರೆ, ಮನಸ್ಸಿನ ಸಂಕಟವೂ ನೋವಿನ ಬಾಧೆಯೂ ಕಡಮೆಯಾದವು. ಹೆಚ್ಚು ಸಂಕಟದಲ್ಲಿದ್ದವರಿಗೆ ಹೆಚ್ಚು ಪ್ರಯೋಜನವಾಯಿತು. ಆದುದರಿಂದ ಗುಂಪಿಗೆ ಬಂದರೆ ರೋಗ ಮರಳದೆಂದು ಯಾರೂ ಭರವಸೆ ಕೊಡಬಾರದು. ಇರುವ ದಿನಗಳ ಭಾರವನ್ನು ಹಗುರಗೊಳಿಸುವುದು ಇದರ ಉದ್ದೇಶ. ಅದೇನೂ ಸಣ್ಣ ಲಾಭವಲ್ಲ.

ಅನುಭವವು ಎಲ್ಲ ಸಂದರ್ಭಗಳಲ್ಲಿಯೂ ಸರಿಯಾದ ಜ್ಞಾನವಾಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಶಸ್ತ್ರಚಿಕಿತ್ಸೆಯಾದ ಬದಿಯ ಕೈಯಿಂದ ಯಾವ ಭಾರವನ್ನೂ ಎತ್ತಬಾರದೆಂದು ಹಿಂದೆ ಹೇಳಲಾಗುತ್ತಿತ್ತು. ಆದರೆ ತಜ್ಞರ ಮಾರ್ಗದರ್ಶನದಲ್ಲಿ ಸ್ವಲ್ಪಸ್ವಲ್ಪವಾಗಿ ಭಾರವನ್ನು ಹೆಚ್ಚಿಸುತ್ತ ವ್ಯಾಯಾಮ ಮಾಡಿದರೆ ಊತ ಹೆಚ್ಚುವುದಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಪ್ಪತ್ತು ವರ್ಷಗಳ ಹಿಂದೆ ಕೇಳಿದ ಮಾತನ್ನೇ ಇಂದು ಹೊಸ ರೋಗಿಗೆ ಹೇಳಿದರೆ ಆಕೆಯ ಕೈ ಅನಾವಶ್ಯಕವಾಗಿ ಬಲಹೀನವಾದೀತು. ನೆರವು ನೀಡುವವರಿಗೆ ತರಬೇತಿ ಬೇಕೆಂಬುದು ಇದಕ್ಕಾಗಿಯೇ.

ಸಮದುಃಖಿಯು ಔಷಧದ ಹೆಸರನ್ನಾಗಲಿ ಪ್ರಮಾಣವನ್ನಾಗಲಿ ಸೂಚಿಸಬಾರದು. ನಾಟಿ ಔಷಧಕ್ಕಾಗಿ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದು ಎಂದಿಗೂ ಹೇಳಬಾರದು. ಹೊಸ ಗಂಟು, ರಕ್ತಸ್ರಾವ, ಉಸಿರಾಟದ ತೊಂದರೆ, ನುಂಗಲಾಗದಿರುವುದು, ಊದಿದ ಕೈ ಕೆಂಪಾಗಿ ಬಿಸಿಯೇರಿ ಜ್ವರ ಬರುವುದು, ಕೀಮೋಥೆರಪಿ ನಡೆಯುತ್ತಿರುವಾಗ ಜ್ವರ ಕಾಣಿಸಿಕೊಳ್ಳುವುದು, ಜೀವ ಬೇಡವೆಂಬ ಮಾತು ಇವುಗಳಲ್ಲಿ ಯಾವುದನ್ನು ಕಂಡರೂ ಸಮಾಧಾನದ ಮಾತುಗಳಿಂದ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಾಷೆಯ ಆಸರೆ

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷ ಕಷ್ಟವೂ ಇದೆ, ವಿಶೇಷ ಹೊಣೆಯೂ ಇದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದವರು ಅಂಗಡಿಯಲ್ಲಿ, ಕಚೇರಿಯಲ್ಲಿ ಮರಾಠಿ, ತಮಿಳು, ತೆಲುಗು, ಹಿಂದಿಗಳನ್ನು ಸಲೀಸಾಗಿ ಆಡಬಲ್ಲರು. ಆದರೆ ನೋವನ್ನು ಹೇಳುವ ಭಾಷೆ ಬೇರೆ. “ಜೋಮು ಹಿಡಿಯುತ್ತದೆ”, “ಚುಳುಕು ಹೊಡೆಯುತ್ತದೆ”, “ಎದೆ ಡವಗುಟ್ಟುತ್ತದೆ” ಎಂಬ ಮಾತುಗಳು ತಾಯ್ನುಡಿಯಲ್ಲಿ ಬರುವಷ್ಟು ಸರಿಯಾಗಿ ಬೇರೆ ಭಾಷೆಯಲ್ಲಿ ಬಾರವು. ವಯಸ್ಸಾದ ತಾಯಂದಿರಂತೂ ಮಗನೋ ಸೊಸೆಯೋ ಅನುವಾದಿಸಿ ಹೇಳಿದಷ್ಟನ್ನೇ ವೈದ್ಯರಿಗೆ ತಿಳಿಸಬಲ್ಲರು. ಮಗನೆದುರು ಹೇಳಲಾಗದ ನೋವು ಹಾಗೆಯೇ ಉಳಿಯುತ್ತದೆ.

ಇದಲ್ಲದೆ ಚಿಕಿತ್ಸೆಗೆಂದು ಕರ್ನಾಟಕದಿಂದ, ಮುಖ್ಯವಾಗಿ ಉತ್ತರದ ಜಿಲ್ಲೆಗಳಿಂದ, ಮುಂಬಯಿಗೆ ಬರುವವರೂ ಇದ್ದಾರೆ. ಧರ್ಮಶಾಲೆಯಲ್ಲಿ ತಿಂಗಳುಗಟ್ಟಲೆ ತಂಗುವ ಇವರಿಗೆ ಊರಿನ ಮಾತನ್ನಾಡುವವರೊಬ್ಬರು ಸಿಕ್ಕರೆ ಅರ್ಧ ಕಷ್ಟ ಕಳೆದಂತೆ. ಮಾಟುಂಗಾದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘ ಮೊದಲಾದ ಕನ್ನಡ ಸಂಘಗಳು ನಾಟಕ, ಸಂಗೀತ, ಸಾಹಿತ್ಯಗಳಿಗೆ ಹೆಸರಾದವು. ಇಂಥ ಸಂಘಗಳ ಸದಸ್ಯರಲ್ಲಿಯೇ ಕ್ಯಾನ್ಸರಿನಿಂದ ಗುಣಮುಖರಾದವರು ಇರದಿರಲಾರರು. ತಿಂಗಳಿಗೊಮ್ಮೆ ಸಭಾಂಗಣದ ಒಂದು ಕೋಣೆಯನ್ನು ಎರಡು ತಾಸು ಬಿಟ್ಟುಕೊಟ್ಟರೆ, ಕನ್ನಡದಲ್ಲಿ ಮಾತನಾಡುವ ಸಣ್ಣ ಬಳಗವೊಂದಕ್ಕೆ ನೆಲೆ ದೊರೆಯುತ್ತದೆ.

ಬಳಗವನ್ನು ಕಟ್ಟುವ ಬಗೆ

ಬಳಗವನ್ನು ಕಟ್ಟಲು ಹೆಚ್ಚು ಹಣ ಬೇಡ. ಎಂಟು ಹತ್ತು ಮಂದಿ, ಒಂದು ಕೋಣೆ, ಕುಡಿಯುವ ನೀರು, ಸಮೀಪದಲ್ಲಿ ಶೌಚಾಲಯ ಇವಿದ್ದರೆ ಸಾಕು. ಆದರೆ ಕೆಲವು ನಿಯಮಗಳನ್ನು ಪಾಲಿಸುವುದು ಅವಶ್ಯಕ.

1. ನೆರವು ನೀಡುವವರು ತಮ್ಮ ಚಿಕಿತ್ಸೆ ಮುಗಿದು ಸಾಕಷ್ಟು ಕಾಲ ಕಳೆದವರಾಗಿರಬೇಕು. ತಮ್ಮ ಗಾಯವೇ ಇನ್ನೂ ಹಸಿಯಾಗಿರುವವರು ಪರರ ಭಾರವನ್ನು ಹೊರಲಾರರು.

2. ಚಿಕಿತ್ಸೆ ನೀಡುವ ಆಸ್ಪತ್ರೆಯ ವೈದ್ಯರು, ದಾದಿ ಅಥವಾ ಸಮಾಜ ಕಾರ್ಯಕರ್ತರ ಒಪ್ಪಿಗೆ ಹಾಗೂ ಮಾರ್ಗದರ್ಶನವನ್ನು ಪಡೆಯಬೇಕು. ವರ್ಷಕ್ಕೆರಡು ಬಾರಿಯಾದರೂ ತಜ್ಞರನ್ನು ಕರೆಸಿ ತಿಳಿವಳಿಕೆಯನ್ನು ಹೊಸದು ಮಾಡಿಕೊಳ್ಳಬೇಕು.

3. ಸಾಧ್ಯವಾದಷ್ಟು ಒಂದೇ ಬಗೆಯ ಚಿಕಿತ್ಸೆಯಾದವರನ್ನು, ಸಮೀಪದ ವಯಸ್ಸಿನವರನ್ನು ಜೊತೆಗೂಡಿಸಬೇಕು. ಮೂವತ್ತರ ತರುಣಿಯ ಚಿಂತೆಗಳೂ ಎಪ್ಪತ್ತರ ಅಜ್ಜಿಯ ಚಿಂತೆಗಳೂ ಬೇರೆ ಬೇರೆ.

4. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಬೇಕು. ಊರಿನವರೆಲ್ಲ ಪರಸ್ಪರ ಬಲ್ಲ ಸಣ್ಣ ಸಮುದಾಯದಲ್ಲಿ ಈ ನಿಯಮಕ್ಕೆ ಭಂಗ ಬಂದರೆ ಬಳಗವೇ ಒಡೆಯುತ್ತದೆ.

5. ಉಪದೇಶಕ್ಕಿಂತ ಕೇಳುವಿಕೆಗೆ ಹೆಚ್ಚು ಸಮಯ ಕೊಡಬೇಕು. “ಧೈರ್ಯವಾಗಿರಿ” ಎಂದು ಪದೇ ಪದೇ ಹೇಳುವುದರಿಂದ ಅಳಬೇಕಾದವರು ಅಳು ನುಂಗುವಂತಾಗುತ್ತದೆ.

6. ಔಷಧ, ಆಹಾರದ ಪುಡಿ, ವಿಮೆ ಮೊದಲಾದವುಗಳ ಮಾರಾಟಕ್ಕೆ ಅಲ್ಲಿ ಅವಕಾಶವಿರಬಾರದು.

7. ಬಳಗದವರೊಬ್ಬರಿಗೆ ರೋಗ ಮರಳಿದಾಗ ಅಥವಾ ಅವರು ತೀರಿಕೊಂಡಾಗ ಅದನ್ನು ಮುಚ್ಚಿಡಬಾರದು. ಅಂದು ಎಲ್ಲರೂ ಕೂಡಿ ಅವರನ್ನು ಸ್ಮರಿಸಿ, ಮನಸ್ಸಿನ ಭಯವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಲೇಸು.

ರೋಗಿಯ ಶುಶ್ರೂಷೆ ಮಾಡುವ ಮನೆಯವರಿಗೂ ಇಂಥ ಆಸರೆ ಬೇಕು. ಹೆಂಡತಿಯನ್ನು ಎರಡು ವರ್ಷ ಆಸ್ಪತ್ರೆಗೆ ಕರೆದೊಯ್ದು ತಂದ ಗಂಡ, ತಾನೂ ದಣಿದಿದ್ದೇನೆಂದು ಹೇಳುವುದು ತಪ್ಪೆಂದು ಭಾವಿಸುತ್ತಾನೆ. ಆತನಿಗೂ ಒಂದು ಕುರ್ಚಿ ಇರಲಿ.

ತಿಳಿದಿರಬೇಕಾದ ಸೌಲಭ್ಯಗಳು

ಬಳಗದವರು ಒಬ್ಬರಿಗೊಬ್ಬರು ಹೇಳಿಕೊಡಬಹುದಾದ ಕೆಲವು ಸರ್ಕಾರಿ ಸೌಲಭ್ಯಗಳಿವೆ. ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡುದರಿಂದ ಉಂಟಾದ ಶಾಶ್ವತ ನ್ಯೂನತೆಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ವಾಕ್ ಮತ್ತು ಭಾಷಾ ನ್ಯೂನತೆಯೆಂದು ಹೆಸರಿಸಿಯೇ ಗುರುತಿಸಿದೆ. ಇಂಥವರು ವೈದ್ಯಕೀಯ ಪರೀಕ್ಷೆಗೆ ಒಳಗಾಗಿ ಪ್ರಮಾಣಪತ್ರವನ್ನು ಪಡೆಯಲು ಅರ್ಜಿ ಸಲ್ಲಿಸಬಹುದು. ಇದನ್ನು ತಿಳಿಯದೆ ಎಷ್ಟೋ ಮಂದಿ ತಮಗೆ ಸಲ್ಲಬೇಕಾದುದನ್ನು ಕಳೆದುಕೊಳ್ಳುತ್ತಾರೆ. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೂ ಆತನ ಜೊತೆಗಾರರೊಬ್ಬರಿಗೂ, ಆಸ್ಪತ್ರೆಯ ಪ್ರಮಾಣಪತ್ರದ ಮೇಲೆ, ರೈಲ್ವೆ ಇಲಾಖೆಯು ದರದಲ್ಲಿ ರಿಯಾಯಿತಿ ನೀಡುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ನೆರವು ದೊರೆಯುತ್ತದೆ. ಮನಸ್ಸು ತೀರ ಕುಗ್ಗಿದಾಗ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಮೂಲಕ ಉಚಿತವಾಗಿ ಸಲಹೆ ಪಡೆಯಬಹುದು. ಈ ಸೇವೆಯು ಕನ್ನಡದಲ್ಲಿಯೂ ಇದೆ.

ಕೊನೆಯ ಮಾತು

ಚಿಕಿತ್ಸೆ ಪಡೆದು ಬದುಕುಳಿದವರು ಹಳೆಯ ಬದುಕಿಗೆ ಹಾಗೆಯೇ ಮರಳಲಾರರು. ಆದರೆ ಹೊಸ ರೀತಿಯಲ್ಲಿ ಬಾಳಬಲ್ಲರು. ಆ ಬಾಳಿನ ದಾರಿ ಬಲ್ಲವರು ನಮ್ಮ ನಡುವೆಯೇ, ಒಮ್ಮೊಮ್ಮೆ ನಮ್ಮದೇ ಓಣಿಯಲ್ಲಿ, ಸುಮ್ಮನೆ ಕುಳಿತಿದ್ದಾರೆ. ತಮ್ಮ ಕಷ್ಟ ಮತ್ತೊಬ್ಬರಿಗೆ ಉಪಯೋಗಕ್ಕೆ ಬಂದೀತೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ತಾವು ಈ ದಾರಿಯನ್ನು ನಡೆದವರಾಗಿದ್ದರೆ, ಮುಂದಿನ ಬಾರಿ ಮರುಪರೀಕ್ಷೆಗೆ ಹೋದಾಗ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು, “ನನ್ನಂತೆಯೇ ಚಿಕಿತ್ಸೆಯಾದ ಕನ್ನಡದವರು ಯಾರಾದರೂ ಇದ್ದರೆ ನಾನು ಬಂದು ಮಾತನಾಡಬಲ್ಲೆ” ಎಂದು ಹೇಳಿ ಹೆಸರು ಕೊಟ್ಟು ಬನ್ನಿ. ತಾವು ಈಗ ತಾನೇ ಆ ದಾರಿಯಲ್ಲಿ ಕಾಲಿಟ್ಟವರಾಗಿದ್ದರೆ, ಅಂಥವರು ಇದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.